ಒಂದು ದಿನಕ್ಕೆ ಬಂದವರಿಗೆ ಬಳ್ಳಾರಿ ಏನು ತೋರಿಸುತ್ತಿದೆ?

ಹೊರಗಿನಿಂದ ಬಳ್ಳಾರಿಗೆ ಬಂದವರು "ಒಂದು ದಿನ ಬಿಡುವಿದೆ, ಏನು ನೋಡಬಹುದು ಸರ್?" ಅಂತ ಕೇಳಿದರೆ ನಮ್ಮೂರಲ್ಲಿ ಸಿಗುವ ಉತ್ತರ ಒಂದೇ. ಹಂಪಿಗೆ ಹೋಗಿ ಬನ್ನಿ. ಲಾಡ್ಜಿನ ಕೌಂಟರಿನಲ್ಲಿ ಕೇಳಿದರೂ ಅದೇ, ಆಟೋದವರನ್ನು ಕೇಳಿದರೂ ಅದೇ, ಮದುವೆಗೆ ಬಂದ ನೆಂಟರಿಗೆ ನಾವು ಹೇಳುವುದೂ ಅದೇ.

ಹಂಪಿ ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆದರೆ ಒಂದು ವಿಷಯ ನಾವಿನ್ನೂ ಸರಿಯಾಗಿ ಮನಸ್ಸಿಗೆ ತಂದುಕೊಂಡಿಲ್ಲ. ಹಂಪಿ ಈಗ ಬಳ್ಳಾರಿ ಜಿಲ್ಲೆಯಲ್ಲೇ ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ, ಕಮಲಾಪುರ ಎಲ್ಲ ಆ ಕಡೆ ಹೋದವು. ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆಯ ಪ್ರವಾಸೋದ್ಯಮ ಅಂದರೆ ಹಂಪಿ ಅಂತಲೇ ಲೆಕ್ಕ. ಬೋರ್ಡು, ಕರಪತ್ರ, ಗೈಡುಗಳ ತರಬೇತಿ, ಉತ್ಸವದ ದುಡ್ಡು, ಎಲ್ಲ ಹಂಪಿ ಸುತ್ತ. ಬೇರೆ ಜಾಗಗಳನ್ನು ಯಾರೂ ಬೇಕಂತಲೇ ಮರೆತದ್ದಲ್ಲ. ಹಂಪಿ ಇದೆಯಲ್ಲ, ಸಾಕು ಅಂತ ಬಿಟ್ಟದ್ದು. ಈಗ ಹಂಪಿ ಪಕ್ಕದ ಜಿಲ್ಲೆಗೆ ಹೋಗಿದೆ, ಇಲ್ಲಿ ಉಳಿದಿರುವ ಜಾಗಗಳಿಗೆ ಬೋರ್ಡೂ ಇಲ್ಲ, ಬಸ್ಸೂ ಇಲ್ಲ, ತೋರಿಸುವವರೂ ಇಲ್ಲ.

ಹಾಗಾದರೆ ಬಳ್ಳಾರಿಗೆ ಪ್ರವಾಸಿಗರೇ ಬರಲ್ಲ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಬರುತ್ತಾರೆ. ಆದರೆ ಅವರು ಪ್ರವಾಸಿಗರು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೆಲಸದ ಮೇಲೆ ಬರುವ ಇಂಜಿನಿಯರುಗಳು, ಜೀನ್ಸ್ ಬಟ್ಟೆ ಕೊಳ್ಳಲು ಬರುವ ವ್ಯಾಪಾರಿಗಳು, ವಿಶ್ವವಿದ್ಯಾಲಯಕ್ಕೆ ಪರೀಕ್ಷೆ, ಸಂದರ್ಶನ ಅಂತ ಬರುವ ಮಕ್ಕಳು ಮತ್ತು ಅವರ ಜೊತೆ ಬರುವ ಅಪ್ಪ ಅಮ್ಮ, ಕೋರ್ಟ್ ಕೆಲಸಕ್ಕೆ ಬಂದವರು, ದೊಡ್ಡಾಸ್ಪತ್ರೆಗೆ ರೋಗಿಗಳ ಜೊತೆ ಬಂದು ದಿನಗಟ್ಟಲೆ ಉಳಿಯುವವರು. ಇವರೆಲ್ಲ ರಾತ್ರಿ ಬಳ್ಳಾರಿಯಲ್ಲೇ ಮಲಗುತ್ತಾರೆ, ಇಲ್ಲೇ ಊಟ ಮಾಡುತ್ತಾರೆ. ಇವರ ಕೈಯಲ್ಲಿ ಒಂದು ಬೆಳಗ್ಗೆಯೋ ಒಂದು ಮಧ್ಯಾಹ್ನವೋ ಖಾಲಿ ಇರುತ್ತದೆ. ಹಂಪಿಗೆ ಹೋಗಿ ಬರಲು ಅಷ್ಟು ಸಾಲುವುದಿಲ್ಲ. ಹಾಗಾಗಿ ರೂಮಿನಲ್ಲಿ ಟಿವಿ ನೋಡಿಕೊಂಡು ಕೂರುತ್ತಾರೆ.

ಇಡೀ ದಿನ ಇರುವವರು ಬಾಡಿಗೆ ಗಾಡಿ ಮಾಡಿಕೊಂಡು ಹಂಪಿಗೆ ಹೋಗುತ್ತಾರೆ. ಆ ದಿನ ಹೇಗೆ ಕಳೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ತೊಂದರೆಯೆಲ್ಲ ಅಲ್ಲೇ ಇದೆ.

ಗಾಡಿಯವರ ಲೆಕ್ಕ ಹೀಗಿರುತ್ತದೆ. ಊರು ಬಿಟ್ಟು ಹೊರಗೆ ಹೋದರೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಬಿಲ್ ಮಾಡುತ್ತಾರೆ. ಹೆಚ್ಚಿನವರದ್ದು 250 ಇಲ್ಲವೇ 300. ಅದರ ಮೇಲೆ ಡ್ರೈವರ್ ಬಾಟಾ, ಟೋಲು, ಪಾರ್ಕಿಂಗ್ ಬೇರೆ. ಬಳ್ಳಾರಿಯಿಂದ ಹಂಪಿಗೆ ಹೋಗಿ, ಅಲ್ಲಿ ಸುತ್ತಾಡಿ, ವಾಪಸ್ ಬಂದರೆ 150ರಿಂದ 170 ಕಿಲೋಮೀಟರ್ ಆಗಬಹುದು. ಅಂದರೆ ಉಳಿದ ನೂರು ಕಿಲೋಮೀಟರ್‌ಗೆ ಬಂದವರು ಆಗಲೇ ದುಡ್ಡು ಕೊಟ್ಟಾಗಿದೆ. ಅದನ್ನು ಬಳಸಿಕೊಳ್ಳಬಹುದು ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಡ್ರೈವರ್ ಯಾಕೆ ಹೇಳಬೇಕು? ಅವನಿಗೆ ಆ ನೂರು ಕಿಲೋಮೀಟರ್ ಓಡಿಸಿದರೆ ಡೀಸೆಲ್ ಖರ್ಚು, ನಿದ್ದೆ ಕಮ್ಮಿ, ಬಾಟಾ ಮಾತ್ರ ಅಷ್ಟೇ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಗಾಡಿ ನಿಲ್ಲಿಸಿದಷ್ಟೂ ಲಾಭ ಅನ್ನುವಂಥ ದರ ಇಟ್ಟ ಮೇಲೆ ಯಾರಾದರೂ ಹಾಗೇ ಮಾಡುತ್ತಾರೆ.

ಇನ್ನು ಹೊತ್ತಿನ ವಿಷಯ. ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟರೆ ಹಂಪಿ ತಲುಪುವಾಗ ಹತ್ತೂವರೆ. ಮೊದಲು ವಿರೂಪಾಕ್ಷ ದೇವಸ್ಥಾನ, ಆಮೇಲೆ ವಿಜಯ ವಿಠ್ಠಲ. ಗೆಜ್ಜಲ ಮಂಟಪದ ಹತ್ತಿರ ಗಾಡಿ ನಿಲ್ಲಿಸಿ ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು. ಭಾನುವಾರ ಆ ಸಾಲಿನಲ್ಲಿ ನಿಂತವರಿಗೇ ಗೊತ್ತು. ಮಕ್ಕಳು ಅಳುತ್ತಿರುತ್ತಾರೆ, ವಯಸ್ಸಾದವರು ಕಟ್ಟೆ ಹುಡುಕುತ್ತಿರುತ್ತಾರೆ. ಸಾಲು ಬಿಟ್ಟು ನಡೆಯೋಣ ಅಂದರೆ ಸುಮಾರು ಒಂದು ಕಿಲೋಮೀಟರ್, ಅದೂ ನಡುಮಧ್ಯಾಹ್ನ. ಕಲ್ಲಿನ ರಥದ ಮುಂದೆ ನಿಂತಾಗ ಬಿಸಿಲು ನೆತ್ತಿಯ ಮೇಲಿರುತ್ತದೆ, ಕಾಲ ಕೆಳಗಿನ ಬಂಡೆ ಕಾದಿರುತ್ತದೆ. ಒಂದು ಫೋಟೋ ತೆಗೆದು ಹೊರಡುತ್ತಾರೆ. ಊಟ ಎರಡೂವರೆಗೆ. ಕಮಲ ಮಹಲ್, ಗಜಶಾಲೆ, ರಾಣಿಯರ ಸ್ನಾನಗೃಹ ಓಡಿಕೊಂಡು ನೋಡುತ್ತಾರೆ. ನಾಲ್ಕೂವರೆಗೆ ಬಿಸಿಲು ಇಳಿದು ಬಂಡೆಗಳಿಗೆ ಬಣ್ಣ ಬರುವ ಹೊತ್ತಿಗೆ "ಸರ್, ಕತ್ತಲಾಗುವ ಮುಂಚೆ ಬಳ್ಳಾರಿ ಮುಟ್ಟಬೇಕು" ಅಂತ ಶುರುವಾಗುತ್ತದೆ.

ವಿಠ್ಠಲ ದೇವಸ್ಥಾನಕ್ಕೆ ತೆಗೆದುಕೊಂಡ ಟಿಕೆಟ್‌ನಲ್ಲೇ ಅದೇ ದಿನ ಕಮಲ ಮಹಲಿನ ಆವರಣವನ್ನೂ ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಎಷ್ಟೋ ಜನ ಅದನ್ನು ಬಿಸಾಡಿ ಬರುತ್ತಾರೆ. ಆ ವಸ್ತುಸಂಗ್ರಹಾಲಯದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ಬೆಳಗ್ಗೆ ಮೊದಲು ಅದನ್ನು ನೋಡಿದರೆ ಉಳಿದ ದಿನವೆಲ್ಲ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಶುಕ್ರವಾರ ಮಾತ್ರ ರಜೆ. ಇಷ್ಟು ಸಣ್ಣ ಮಾಹಿತಿ ಯಾವ ಲಾಡ್ಜಿನ ಕೌಂಟರಿನಲ್ಲೂ ಸಿಗುವುದಿಲ್ಲ.

ನಾನು ಹೇಳಲು ಹೊರಟಿರುವುದು ಇದನ್ನೇ. ನಮ್ಮ ಕಡೆಯ ಒಂದು ದಿನದ ಪ್ರವಾಸವನ್ನು ಗಾಡಿಯ ಅನುಕೂಲ ನೋಡಿಕೊಂಡು ಕಟ್ಟಿದ್ದಾರೆ, ನೋಡುವವರ ಅನುಕೂಲ ನೋಡಿ ಅಲ್ಲ. ನಮ್ಮದು ಬಿಸಿಲು ನಾಡು. ಇಲ್ಲಿ ಯಾವ ಜಾಗ ಅನ್ನುವುದರಷ್ಟೇ ಯಾವ ಹೊತ್ತು ಅನ್ನುವುದೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬಯಲಲ್ಲಿ ನಿಲ್ಲಿಸುವ ಪ್ರವಾಸ ಪ್ರವಾಸವೇ ಅಲ್ಲ.

ಈಗ ದಾರಿಯನ್ನೇ ನೋಡಿ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲಿ ಹತ್ತಿರದಲ್ಲೇ ಒಂದು ಬೂದಿ ದಿಬ್ಬ ಇದೆ. ನೋಡಲು ಸುಮ್ನೆ ಒಂದು ಬೂದು ಬಣ್ಣದ ಗುಡ್ಡೆ. ಭೀಮ ಹಿಡಿಂಬನನ್ನು ಕೊಂದು ಸುಟ್ಟ ಬೂದಿ ಅಂತ ಹಿಂದಿನವರು ಹೇಳುತ್ತಿದ್ದರು. ಅದು ಏನು ಅಂತ ಪುರಾತತ್ವದವರು ನೂರಕ್ಕೂ ಹೆಚ್ಚು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಕೊನೆಗೆ ಗೊತ್ತಾದದ್ದು, ಅದು ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ಸಾವಿರಾರು ವರ್ಷ ಹಳೆಯ ಸಗಣಿ ಬೂದಿ ಇವತ್ತಿಗೂ ಗುಡ್ಡೆಯಾಗಿ ನಿಂತಿದೆ. ಹಂಪಿಗೆ ಹೋಗುವ ಗಾಡಿಗಳು ಅದರ ಪಕ್ಕದಲ್ಲೇ ಹಾದು ಹೋಗುತ್ತವೆ. ಹತ್ತು ನಿಮಿಷದ ನಿಲುಗಡೆ ಸಾಕು. ನಿಲ್ಲಿಸಿ ಅಂತ ಕೇಳುವವರಿಗೆ ಅದು ಇದೆ ಅಂತಲೇ ಗೊತ್ತಿಲ್ಲ.

ಬೂದಿ ದಿಬ್ಬದ ಜನ ಎಲ್ಲಿದ್ದರು ಅಂತ ನೋಡಬೇಕಾದರೆ ಬಳ್ಳಾರಿ ಊರಿಂದ ಹತ್ತು ಕಿಲೋಮೀಟರ್ ಕೂಡ ಹೋಗಬೇಕಿಲ್ಲ. ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳು ದಕ್ಷಿಣ ಭಾರತದ ನವಶಿಲಾಯುಗದ ದೊಡ್ಡ ನೆಲೆಗಳಲ್ಲಿ ಒಂದು. ಸುತ್ತಲಿನ ಕಣಶಿಲೆಯ ನಡುವೆ ಕಪ್ಪು ಕಲ್ಲಿನ ಒಂದು ಉದ್ದನೆಯ ಪಟ್ಟಿ ಗುಡ್ಡದ ಮೇಲೆ ಹಾದು ಹೋಗಿದೆ. ಆ ಕಲ್ಲನ್ನು ಒಡೆದು, ಉಜ್ಜಿ, ಕೊಡಲಿ ಮಾಡುತ್ತಿದ್ದರು. ಹತ್ತು ಇಪ್ಪತ್ತಲ್ಲ, ಕಾರ್ಖಾನೆ ಅನ್ನುವಷ್ಟು. ಕೊಡಲಿ ಉಜ್ಜಿದ ಗೀರುಗಳು ಬಂಡೆಯ ಮೇಲೆ ನುಣುಪಾಗಿ ಇನ್ನೂ ಇವೆ, ಬೆರಳಿಟ್ಟರೆ ತಿಳಿಯುತ್ತದೆ. ಅದೇ ಕಪ್ಪು ಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ, ಉದ್ದ ಕೊಂಬು, ಎದ್ದ ಹಿಣಿಲು. ಕೆಲವು ಬಂಡೆಗಳಲ್ಲಿ ಸಣ್ಣ ಬಟ್ಟಲಿನಂಥ ಕುಳಿಗಳಿವೆ, ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಗುಡ್ಡದ ಮೇಲೆ ಸಂಜೆ ಗಾಳಿಯಲ್ಲಿ ಆ ಸದ್ದು ಕೇಳಿದವರು ಮರೆಯುವುದಿಲ್ಲ. ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಈಗ ಮುಟ್ಟಲು ಬಿಡುವುದಿಲ್ಲ, ಅದು ಸರಿಯಾದದ್ದೇ. ಕುಪ್ಪಗಲ್ಲಿನಲ್ಲಿ ಕೇಳುವವರೇ ಇಲ್ಲ. ಅಲ್ಲಿ ಯಾರಾದರೂ ಜವಾಬ್ದಾರಿಯಿಂದ ತೋರಿಸುವವರು ಇಲ್ಲದಿದ್ದರೆ ಬಂದವರೆಲ್ಲ ಬಡಿದು ಬಡಿದು ಅದನ್ನೂ ಕೆಡಿಸುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಕಲ್ಲು ಗಣಿಗಾರಿಕೆಯದ್ದು. ಈ ಗುಡ್ಡಗಳ ಒಂದಷ್ಟು ಭಾಗ ಜಲ್ಲಿಯಾಗಿ ಹೋಗಿದೆ. ಜನ ಬಂದು ನೋಡುವ ಗುಡ್ಡವನ್ನು ಒಡೆಯುವುದು ಕಷ್ಟ, ಯಾರೂ ನೋಡದ ಗುಡ್ಡವನ್ನು ಒಡೆಯುವುದು ಸುಲಭ. ಪ್ರವಾಸ ಅಂದರೆ ಬರೀ ದುಡ್ಡಿನ ಮಾತಲ್ಲ ಅಂತ ನಾನು ಹೇಳುವುದು ಇದಕ್ಕೇ.

ಇಲ್ಲಿ ಸಿಕ್ಕಿದ್ದನ್ನೆಲ್ಲ ಜೋಡಿಸಿ ತೋರಿಸುವ ಒಂದು ವಸ್ತುಸಂಗ್ರಹಾಲಯ ಬಳ್ಳಾರಿ ನಗರದಲ್ಲೇ ಇದೆ. ರಾಬರ್ಟ್ ಬ್ರೂಸ್ ಫೂಟ್ ಹೆಸರಿನದ್ದು. ಬ್ರೂಸ್ ಫೂಟ್ ಭೂವಿಜ್ಞಾನಿ. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೊಡಲಿ ಗುರುತಿಸಿದವರು, ಆಮೇಲೆ ನಮ್ಮ ಗುಡ್ಡಗಳಲ್ಲೂ ಓಡಾಡಿದವರು. ಪುರಾತತ್ವ ತಜ್ಞ ರವಿ ಕೋರಿಶೆಟ್ಟರ್ ಅವರ ಹಲವು ವರ್ಷಗಳ ಶ್ರಮ ಇದರ ಹಿಂದೆ ಇದೆ. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದು ಇದರ ಬಾಗಿಲು ದಾಟದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ!

ಇನ್ನು ಕೋಟೆ. ಊರಿನ ಎಲ್ಲಿಂದ ನೋಡಿದರೂ ಕಾಣುವ ಬಂಡೆ ಗುಡ್ಡ, ಅದರ ಮೇಲೆ ಕೋಟೆ. ಮೇಲಿನ ಕೋಟೆ ಪಾಳೇಗಾರ ಹನುಮಪ್ಪ ನಾಯಕನ ಕಾಲದ್ದು, ಕೆಳಗಿನದ್ದು ಹೈದರಾಲಿ ಕಟ್ಟಿಸಿದ್ದು. ಫ್ರೆಂಚ್ ಇಂಜಿನಿಯರ್ ಕಟ್ಟಿ ಮುಗಿಸಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ಗೊತ್ತಾಗಿ ಹೈದರಾಲಿ ಅವನನ್ನು ಗಲ್ಲಿಗೇರಿಸಿದ ಅಂತ ಕಥೆ. ಬಳ್ಳಾರಿಯ ಎಲ್ಲ ಮಕ್ಕಳಿಗೂ ಈ ಕಥೆ ಗೊತ್ತು, ಬಂದವರಿಗೆ ಹೇಳುವವರಿಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ, ದಂಡು ಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕೋಟೆ ಮೇಲೆ ನಿಂತು ಈ ಊರನ್ನು ತೋರಿಸುತ್ತ ಹೇಳಿದರೆ ಒಂದು ಗಂಟೆಗೆ ಸಾಲುವಷ್ಟು ಮಾತಿದೆ. ಬೆಳಗ್ಗೆ ಬೇಗ ಹತ್ತಬೇಕು, ಬಂಡೆ ಕಾದ ಮೇಲೆ ಕಷ್ಟ. ಇಳಿದು ಬಂದು ವಗ್ಗರಣೆ ಮಿರ್ಚಿ ತಿಂದರೆ ಹತ್ತು ಗಂಟೆಯೊಳಗೆ ಬಳ್ಳಾರಿಯ ಒಳ್ಳೆಯ ಅರ್ಧ ಭಾಗ ಆಯಿತು.

ತುಂಗಭದ್ರಾ ಹೊಳೆಯ ಆಚೆ ದಡ, ಅಂದರೆ ಕೊಪ್ಪಳ ಜಿಲ್ಲೆಯ ಕಥೆ ಬೇರೆ. ಅಲ್ಲಿ ಜನ ಇದ್ದಾರೆ, ಬೇಕಾದಷ್ಟು. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ದೇಶದ ಎಲ್ಲ ಕಡೆಯಿಂದ ಬರುತ್ತಾರೆ. 2022ರ ಬಜೆಟ್‌ನಲ್ಲಿ ಅಲ್ಲಿಗೆ 100 ಕೋಟಿ ರೂಪಾಯಿ ಘೋಷಿಸಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಹುಲಿಗಿ, ಅಂಜನಾದ್ರಿ, ಹಂಪಿ ಅಂತ ಹೊರಟಿದ್ದಾರೆ. ಮನೆ, ಹೊಲ ಬಿಟ್ಟು ಬೇರೆ ಊರು ನೋಡದವರು ಅಕ್ಕ ತಂಗಿಯರನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಹೋಗುವುದನ್ನು ನೋಡಿದರೆ ಖುಷಿಯಾಗುತ್ತದೆ. ನಮ್ಮ ಸೀಮೆಯ ಪ್ರವಾಸದಲ್ಲಿ ಈಚೆಗೆ ಆದ ದೊಡ್ಡ ಬದಲಾವಣೆ ಅದೇ ಅಂತ ನನ್ನ ಎಣಿಕೆ. ಆದರೆ ಬಸ್ಸು ಇಳಿಸುವುದು ಮುಖ್ಯ ರಸ್ತೆಯಲ್ಲಿ. ಅಲ್ಲಿಂದ ಮುಂದೆ ಟಂಟಂ, ಆಟೋ. ಬಸ್ಸಿನಲ್ಲಿ ಉಳಿದ ದುಡ್ಡು ಆ ಕೊನೆಯ ಐದಾರು ಕಿಲೋಮೀಟರ್‌ನಲ್ಲಿ ಹೋಗುತ್ತದೆ. ಹಾಗಾಗಿ ಬಂದವರು ಒಂದು ದೇವಸ್ಥಾನ ನೋಡಿ ವಾಪಸ್ ಹೋಗುತ್ತಾರೆ.

ಅಂಜನಾದ್ರಿಯಿಂದ ಗಂಗಾವತಿ ಕಡೆ ಹೋದರೆ ಹಿರೇಬೆಣಕಲ್ ಇದೆ. ಗುಡ್ಡದ ಮೇಲೆ ಕಲ್ಲು ಚಪ್ಪಡಿಗಳ ಮನೆಗಳು, ನಾನೂರರ ಹತ್ತಿರ. ಶಿಲಾಯುಗದ ಕೊನೆ, ಕಬ್ಬಿಣ ಯುಗದ ಸಮಾಧಿಗಳು. ಕೆಲವುಕ್ಕೆ ದುಂಡನೆ ಕಿಂಡಿ. ಊರವರು ಮೋರ್ಯರ ಗುಡ್ಡ ಅನ್ನುತ್ತಾರೆ, ಗಿಡ್ಡ ಮನುಷ್ಯರು ಇದ್ದ ಮನೆಗಳು ಅಂತ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೆ ಅಲ್ಲಿಗೆ ಬಂಡೆ ಹತ್ತಿಕೊಂಡು ಒಂದು ಗಂಟೆಯಾದರೂ ನಡೆಯಬೇಕು. ನೆರಳಿಲ್ಲ, ನೀರು ಕೈಯಲ್ಲೇ ಒಯ್ಯಬೇಕು. ದಾರಿ ಗೊತ್ತಿರುವವರು ಜೊತೆಗಿಲ್ಲದಿದ್ದರೆ ಹೋಗಲೇಬಾರದು ಅಂತ ಹೇಳುತ್ತೇನೆ.

ದಾರಿ ತೋರಿಸುವವರು ಬೇಕು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. 2025ರ ಮಾರ್ಚ್‌ನಲ್ಲಿ ಅಂಜನಾದ್ರಿ ಕಡೆಯ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದವರ ಮೇಲೆ ದಾಳಿ ಆಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಿಸಿಕೊಂಡ ಒಡಿಶಾದ ಯುವಕ ಸತ್ತುಹೋದ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ, ನಮ್ಮನ್ನು ನಂಬಿ ಬಂದವರು ಅವರು. ಅದಾದ ಮೇಲೆ ಹೋಂಸ್ಟೇಗಳ ಮೇಲೆ ನಿಗಾ ಜಾಸ್ತಿಯಾಯಿತು, ಅದು ಬೇಕಿತ್ತು. ಆದರೆ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದಾಗಲೇ ವ್ಯವಹಾರ ಸಾಣಾಪುರ, ಆನೆಗುಂದಿ ಕಡೆ ಹರಡುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಜನ ಹೋಗುವ ಜಾಗ ಬದಲಾಯಿತು. ಬೀದಿ ದೀಪ, ಗಸ್ತು, ಗೊತ್ತಾದ ಗೈಡು, ರಾತ್ರಿ ವಾಪಸ್ ಬರಲು ಗಾಡಿ, ಇವು ಅಲ್ಲಿಗೆ ಹೋಗಲಿಲ್ಲ. ವ್ಯವಸ್ಥೆ ಇರುವ ಪ್ರವಾಸ ಇಲ್ಲದ ಕಡೆ ಜನ ತಮಗೆ ತೋಚಿದ ಹಾಗೆ ಹೋಗುತ್ತಾರೆ, ಅದನ್ನು ಬರೀ ನಿಷೇಧದಿಂದ ತಡೆಯಲು ಆಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಬೆಂಗಳೂರಿನಲ್ಲಿ ಬಿಎಂಟಿಸಿಯ ಬೆಂಗಳೂರು ದರ್ಶಿನಿ ಇದೆ, ಮೈಸೂರಿನಲ್ಲಿ ಅಂಬಾರಿ ಡಬಲ್ ಡೆಕ್ಕರ್ ಇದೆ, ನಮಗೂ ಅಂಥದ್ದು ಕೊಡಿ ಅಂತ ಕೇಳುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ದಿನಾ ಓಡುವ ದೊಡ್ಡ ಬಸ್ಸು ಬಳ್ಳಾರಿಯಲ್ಲಿ ಮಂಗಳವಾರ, ಬುಧವಾರ ಖಾಲಿ ಓಡುತ್ತದೆ. ಡಿಪೋದವರು ಕಿಲೋಮೀಟರ್‌ಗೆ ಎಷ್ಟು ಬಂತು ಅಂತ ಲೆಕ್ಕ ನೋಡುತ್ತಾರೆ, ಎರಡು ತಿಂಗಳಿಗೆ ನಿಲ್ಲಿಸುತ್ತಾರೆ, ಆಮೇಲೆ "ಮಾಡಿ ನೋಡಿದೆವು, ಜನ ಬರಲಿಲ್ಲ" ಅನ್ನುವ ಮಾತು ಶಾಶ್ವತವಾಗಿ ಉಳಿಯುತ್ತದೆ. ಒಳ್ಳೆಯ ಯೋಜನೆಗಳು ಸಾಯುವುದು ಹೀಗೆಯೇ.

ಸಣ್ಣದಾಗಿ ಶುರು ಮಾಡಲಿ. ಒಂದು ಮಿನಿ ಬಸ್ಸು, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಶನಿವಾರ ಭಾನುವಾರ ಮಾತ್ರ. ರೈಲು ನಿಲ್ದಾಣದಿಂದ ಬೆಳಗ್ಗೆ ಆರೂವರೆಗೆ ಹೊರಟು ಕೋಟೆ, ತಿಂಡಿ, ವಸ್ತುಸಂಗ್ರಹಾಲಯ. ಮಧ್ಯಾಹ್ನ ಬಿಡುವು, ಜನ ರೂಮಿಗೆ ಹೋಗಿ ಮಲಗಲಿ. ಬಿಸಿಲು ಇಳಿದ ಮೇಲೆ ಸಂಗನಕಲ್ಲು, ಕುಪ್ಪಗಲ್ಲು. ಇನ್ನೊಂದು ದಿನ ಮಧ್ಯಾಹ್ನ ಹೊರಟು ಕುಡತಿನಿ ಬೂದಿ ದಿಬ್ಬ ನೋಡಿಕೊಂಡು ದರೋಜಿ ಕರಡಿಧಾಮ. 1994ರಲ್ಲಿ ಆದ ಈ ಧಾಮದಲ್ಲಿ ಸಂಜೆ ಮುಂಚೆ ಬಂಡೆಗಳಿಗೆ ಬೆಲ್ಲ, ಜೇನು ಸವರಿರುತ್ತಾರೆ, ಕರಡಿಗಳು ಅದನ್ನು ನೆಕ್ಕಲು ಇಳಿದು ಬರುತ್ತವೆ. ಅದನ್ನು ಬೆಳಗ್ಗೆ ಹೋದವರಿಗೆ ತೋರಿಸಲು ಆಗುವುದಿಲ್ಲ. ಸಂಡೂರಿನ ಕುಮಾರಸ್ವಾಮಿ, ಪಾರ್ವತಿ ದೇವಸ್ಥಾನ, ನಾರಿಹಳ್ಳದ ದಾರಿ ಮಳೆಗಾಲ ಮುಗಿದ ಕೂಡಲೇ ಚೆನ್ನಾಗಿರುತ್ತದೆ, ಅದಕ್ಕೆ ಬೇರೆ ದಿನ. ಇಟಗಿಯ ಮಹಾದೇವ ದೇವಾಲಯ ಮತ್ತು ಕುಕನೂರು ಬಳ್ಳಾರಿಯಿಂದ ದೂರ, ಅದನ್ನು ಹಂಪಿ ಜೊತೆ ತುರುಕಬಾರದು. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಅಂತ ಕರೆದ ಗುಡಿಯನ್ನು ಕಾಲು ಗಂಟೆಯಲ್ಲಿ ನೋಡಿಸುವುದು ತಪ್ಪು. ಕೊಪ್ಪಳದಲ್ಲಿ ಉಳಿದು, ಗವಿಮಠದ ಅಶೋಕನ ಶಾಸನವನ್ನೂ ಸೇರಿಸಿಕೊಂಡು ಒಂದು ಪೂರ್ತಿ ದಿನ ಕೊಡಬೇಕು.

ಗೈಡುಗಳಿಗೆ ದೂರ ಹೋಗಬೇಕಿಲ್ಲ. ನಮ್ಮ ಕಾಲೇಜುಗಳಲ್ಲಿ ಇತಿಹಾಸ ಓದಿ ಕೆಲಸಕ್ಕೆ ಅಲೆಯುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಕನ್ನಡ, ತೆಲುಗು, ಉರ್ದು ಮೂರೂ ಬರುತ್ತದೆ, ಬಳ್ಳಾರಿ ಮಕ್ಕಳಿಗೆ ಅದು ಮನೆಯಲ್ಲೇ ಬಂದ ವಿದ್ಯೆ. ಸಂಗನಕಲ್ಲು, ಹಿರೇಬೆಣಕಲ್ ಊರಿನವರಿಗೇ ಗುಡ್ಡ ತೋರಿಸುವ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು, ಗುಡ್ಡ ಉಳಿದರೆ ಊಟ ಅಂತ ಆದಾಗ ಕಾವಲೂ ಅವರೇ ಕಾಯುತ್ತಾರೆ. ಬಸ್ಸಿಗಿಂತ ಮೊದಲು ಶೌಚಾಲಯ ಆಗಬೇಕು. ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರು ಕುಡಿಯದೆ ಸುತ್ತುವುದನ್ನು ಯಾವ ಇಲಾಖೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದರೆ ಒಂದು ಕುಟುಂಬ ಇನ್ನೊಂದು ಜಾಗಕ್ಕೆ ಹೋಗಬೇಕೋ ಬೇಡವೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ಗಾಡಿ ಮಾಡಿಕೊಂಡು ಹೋಗುವವರಿಗೆ ಒಂದು ಮಾತು. ಬುಕ್ ಮಾಡುವಾಗಲೇ ಕನಿಷ್ಠ ಕಿಲೋಮೀಟರ್ ಎಷ್ಟು, ಎಷ್ಟು ಗಂಟೆವರೆಗೆ, ಬಾಟಾ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಸಂಜೆ ಏಳರವರೆಗೆ ಇರಬೇಕು ಅಂದರೆ ಮೊದಲೇ ಹೇಳಿ, ಬಾಟಾ ಸ್ವಲ್ಪ ಜಾಸ್ತಿ ಕೊಡಿ. ಬೆಳಗ್ಗೆ ಐದೂವರೆಗೆ ಹೊರಡಿ. ಬಿಸಿಲು ಏರುವ ಮುಂಚೆ ಹೇಮಕೂಟ ಮತ್ತು ವಿರೂಪಾಕ್ಷ, ಎಂಟೂವರೆಗೆ ಬಾಗಿಲು ತೆಗೆದ ಕೂಡಲೇ ವಿಠ್ಠಲ, ನಡುಮಧ್ಯಾಹ್ನ ನೆರಳಿರುವ ವಸ್ತುಸಂಗ್ರಹಾಲಯ ಮತ್ತು ಊಟ, ಮೂರರ ಮೇಲೆ ದರೋಜಿ. ಇದೇ ಗಾಡಿ, ಬಾಟಾ ಬಿಟ್ಟರೆ ಇದೇ ದುಡ್ಡು.

ಆಸ್ಪತ್ರೆಯಲ್ಲಿ ಕಾಯುವವರಿಗೆ ಬಸ್ಸು, ಗೈಡು ಏನೂ ಬೇಕಾಗಿಲ್ಲ. ರಾಯಚೂರು, ಕೊಪ್ಪಳ, ಆಂಧ್ರದ ಹಳ್ಳಿಗಳಿಂದ ಬಂದು ವಾರಗಟ್ಟಲೆ ವರಾಂಡದಲ್ಲಿ ಮಲಗುವ ಜನ ಅವರು. ಗೇಟಿನ ಹತ್ತಿರ ಕನ್ನಡ, ತೆಲುಗಿನಲ್ಲಿ ಒಂದು ಬೋರ್ಡು ಹಾಕಿ, ಕೋಟೆಗೆ ಯಾವ ಸಿಟಿ ಬಸ್ಸು, ಎಷ್ಟು ಗಂಟೆಗೆ ತೆರೆಯುತ್ತದೆ, ದುರ್ಗಮ್ಮನ ಗುಡಿ ಎಷ್ಟು ದೂರ, ವಸ್ತುಸಂಗ್ರಹಾಲಯ ಎಲ್ಲಿ ಅಂತ ಬರೆದರೆ ಸಾಕು. ಅದಕ್ಕೆ ಬಜೆಟ್ ಬೇಕಿಲ್ಲ, ಪಾಲಿಕೆ ಈ ತಿಂಗಳೇ ಮಾಡಬಹುದು.